ಹಳೇ ಕಬ್‌ಗೆ ಯಾವ ಎಂಜಿನ್, ಯಾವ ಪ್ರೊಪೆಲ್ಲರ್?

ಪ್ರಶ್ನೆ

ಕೊಲೊರಾಡೊದಲ್ಲಿ ನಾನೂ ನನ್ನ ಗೆಳೆಯನೂ ಸೇರಿ 1946ರ ಪೈಪರ್ ಜೆ-3 ಕಬ್ ಎಂಬ ಇಬ್ಬರು ಕೂರುವ ಪುಟ್ಟ ವಿಮಾನ ಕೊಂಡಿದ್ದೇವೆ. ಅದರ 65 ಅಶ್ವಶಕ್ತಿಯ ಕಾಂಟಿನೆಂಟಲ್ ಎ-65 ಎಂಜಿನ್ ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ರಿಪೇರಿ ಮಾಡುವ ಹಂತಕ್ಕೆ) ಬಂದಿದೆ. ನಮ್ಮ ರನ್‌ವೇ 5,000 ಅಡಿ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಇಬ್ಬರು ಕೂತರೆ ವಿಮಾನ ಮೇಲೇಳುವುದೇ ಕಷ್ಟ. ಇದನ್ನೇ ರಿಪೇರಿ ಮಾಡಿಸೋಣವೇ, ಇಲ್ಲಾ ಅದೇ ಕಂಪನಿಯ ಹೆಚ್ಚು ಶಕ್ತಿಯ ಸಿ-85, ಸಿ-90, ಒ-200 ಇವುಗಳಲ್ಲಿ ಒಂದನ್ನು ಹಾಕಿಸೋಣವೇ? ಪ್ರೊಪೆಲ್ಲರ್ ಮರದ್ದೋ ಲೋಹದ್ದೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1

ಸರ್, ಎಂಜಿನ್ ಮತ್ತು ಪ್ರೊಪೆಲ್ಲರ್ ಎರಡನ್ನೂ ಜೊತೆಯಾಗಿಯೇ ಆರಿಸಿ. ಬರೀ ಅಶ್ವಶಕ್ತಿ ನೋಡಿ ಎಂಜಿನ್ ಕೊಂಡರೆ ದುಡ್ಡು ವ್ಯರ್ಥ.

ಇಂಥ ಎಂಜಿನ್‌ಗಳು ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಅಂದರೆ ನಿಮ್ಮ ಊರಲ್ಲಿ ನೆಲದ ಮೇಲೆ ನಿಂತಾಗಲೇ 65 ಹೋಗಿ 55ರ ಹತ್ತಿರ ಬಂದಿರುತ್ತದೆ. ಬಿಸಿಲು ಏರಿದರೆ ಇನ್ನೂ ಕಡಿಮೆ. ಹಾಗಾಗಿ ದೊಡ್ಡ ಎಂಜಿನ್ ಬೇಕು ಅನ್ನುವುದು ಸರಿಯೇ.

ಆದರೆ ಒ-200 ತನ್ನ 100 ಅಶ್ವಶಕ್ತಿ ಕೊಡುವುದು 2750 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು). ಸಿ-90 ತನ್ನ 90 ಅನ್ನು 2475ಕ್ಕೇ ಕೊಡುತ್ತದೆ. ಕಬ್ ಗಂಟೆಗೆ 60 ಮೈಲಿಯ ಆಸುಪಾಸಿನಲ್ಲಿ ಮೇಲೇರುವ ವಿಮಾನ. ಅಷ್ಟು ನಿಧಾನದಲ್ಲಿ, ಪಿಚ್ (ಬ್ಲೇಡಿನ ಓರೆ, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಬದಲಿಸಲಾಗದ ಪ್ರೊಪೆಲ್ಲರ್ ಎಂಜಿನ್ನನ್ನು 2750ರವರೆಗೆ ಹೋಗಲು ಬಿಡುವುದಿಲ್ಲ. ಆ ನೂರು ಕಾಗದದ ಮೇಲೆಯೇ ಉಳಿಯುತ್ತದೆ. ಎರಡೂ ಎಂಜಿನ್‌ಗಳ ಸಿಲಿಂಡರ್‌ಗಳ ಒಟ್ಟು ಗಾತ್ರ ಒಂದೇ, 201 ಘನ ಇಂಚು. ಮುಖ್ಯ ವ್ಯತ್ಯಾಸ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ನಲ್ಲಿದೆ. ಕಡಿಮೆ ಆರ್‌ಪಿಎಂನಲ್ಲಿ ಸಿ-90 ಚೆನ್ನಾಗಿ ಎಳೆಯುತ್ತದೆ, ಉದ್ದನೆಯ ಪ್ರೊಪೆಲ್ಲರನ್ನೂ ತಿರುಗಿಸುತ್ತದೆ. ನಿಧಾನದ ವಿಮಾನಕ್ಕೆ ಬೇಕಾದದ್ದು ಅದೇ. ಬೆಂಗಳೂರಿನ ಎಚ್‌ಎಎಲ್‌ನಿಂದ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನಕ್ಕೂ ಇದೇ ಸಿ-90 ಎಂಜಿನ್. ಎಷ್ಟೋ ಜನ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅದರಲ್ಲೇ ಕಲಿತರು. ಇದನ್ನು ಹೇಳುವಾಗ ನನಗೆ ತುಂಬಾ ಹೆಮ್ಮೆ.

ಒಳ್ಳೆಯ ಸಿ-90 ಸಿಗುವುದು ಸುಲಭವಲ್ಲ. ಸಿಗದಿದ್ದರೆ ಸಿ-85 ತೆಗೆದುಕೊಂಡು, ಎಸ್‌ಟಿಸಿ (ವಿಮಾನದ ಮಾರ್ಪಾಡಿಗೆ ಕೊಡುವ ಸರ್ಕಾರಿ ಅನುಮತಿ) ಅಡಿಯಲ್ಲಿ ಒ-200ರ ಕ್ರ್ಯಾಂಕ್‌ಶಾಫ್ಟ್, ರಾಡ್, ಪಿಸ್ಟನ್ ಹಾಕಿಸಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಉತ್ತರ 2

ಮೇಲಿನವರ ಮಾತು ಒಪ್ಪುತ್ತೇನೆ. ಪ್ರೊಪೆಲ್ಲರ್ ಬಗ್ಗೆ ನಾನು ಸೇರಿಸುತ್ತೇನೆ.

ಎ-65 ಇರುವ ಕಬ್‌ಗಳಲ್ಲಿ ಜಾಸ್ತಿ ಕಾಣುವುದು ಸೆನ್ಸೆನಿಕ್ ಕಂಪನಿಯ 72-42 ಅಳತೆಯ ಮರದ ಪ್ರೊಪೆಲ್ಲರ್. 72 ಇಂಚು ಉದ್ದ, 42 ಇಂಚು ಪಿಚ್. ಪಿಚ್ ಇಳಿಸಿದರೆ ಆರ್‌ಪಿಎಂ ಏರುತ್ತದೆ, ವಿಮಾನ ಚೆನ್ನಾಗಿ ಮೇಲೇರುತ್ತದೆ. ಆದರೆ ನೇರ ಹಾರಾಟದಲ್ಲಿ ಆರ್‌ಪಿಎಂ ಕೆಂಪು ಗೆರೆ (ಗರಿಷ್ಠ ಮಿತಿ) ದಾಟದಂತೆ ಥ್ರಾಟಲ್ ಹಿಡಿಯಬೇಕು. ನಿಮ್ಮ ಎತ್ತರಕ್ಕೆ ಕಡಿಮೆ ಪಿಚ್ಚೇ ಸರಿ.

ನಾನು ಮರದ್ದನ್ನೇ ಇಷ್ಟಪಡುತ್ತೇನೆ. ಮೂಗು ಹಗುರ. ಅದರ ಆರೈಕೆ ಮಾತ್ರ ಬೇರೆ. ಹವೆ ಒಣಗಿದಾಗ ಮರ ಕುಗ್ಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ನಿಮ್ಮದು ಒಣ ಹವೆ, ಅಲ್ವಾ? ಹೊಸದು ಹಾಕಿದ ಮೇಲೆ ಮೊದಲ ಹಾರಾಟ ಮುಗಿದ ಕೂಡಲೇ ಬೋಲ್ಟ್‌ಗಳ ಬಿಗಿ (ಟಾರ್ಕ್) ನೋಡಿಸಿ, ಆಮೇಲೆ ಋತು ಬದಲಾದಾಗಲೆಲ್ಲ. ನಿಲ್ಲಿಸುವಾಗ ಪ್ರೊಪೆಲ್ಲರ್ ಅಡ್ಡಲಾಗಿರಲಿ. ನೆಟ್ಟಗೆ ಬಿಟ್ಟರೆ ತೇವ ಕೆಳಗಿನ ಬ್ಲೇಡಿಗೆ ಇಳಿದು ತೂಕ ಏರುಪೇರಾಗುತ್ತದೆ. ಮಳೆಯಲ್ಲಿ ಹಾರಿದರೆ ಮುಂದಿನ ಅಂಚು ಸವೆಯುತ್ತದೆ.

ಕಲ್ಲು ಜಾಸ್ತಿ ಇರುವ ರನ್‌ವೇ ಆದರೆ ಲೋಹದ್ದು ತಡೆಯುತ್ತದೆ. ಆದರೆ ಅಂಚಿನಲ್ಲಿ ಬಿದ್ದ ಸಣ್ಣ ಕಚ್ಚನ್ನೂ ಮೆಕ್ಯಾನಿಕ್ ಕೈಲಿ ಉಜ್ಜಿಸಲೇಬೇಕು. ಬಿಟ್ಟರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಉತ್ತರ 3

ಎಂಜಿನ್ ಕೊಳ್ಳುವಾಗ ಹೆಸರಿನ ಬಾಲ ಓದಿ. ಸಿ-85-12 ಆದರೆ ಸ್ಟಾರ್ಟರ್, ಜನರೇಟರ್‌ಗೆ ಜಾಗ ಇರುತ್ತದೆ. ಸಿ-85-8 ಆದರೆ ಇಲ್ಲ, ಪ್ರೊಪೆಲ್ಲರ್ ಕೈಯಿಂದ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕು. ಆಗ ಚಕ್ರಕ್ಕೆ ಅಡೆ ಕೊಟ್ಟು, ಬಾಲ ಕಟ್ಟಿ, ಬ್ರೇಕ್ ಗೊತ್ತಿರುವವರನ್ನು ಒಳಗೆ ಕೂರಿಸಿ. ಇದರಲ್ಲಿ ಸ್ವಲ್ಪವೂ ರಾಜಿ ಬೇಡ. ಕೊನೆಯಲ್ಲಿ ಎಫ್ ಇದ್ದರೆ ಕ್ರ್ಯಾಂಕ್‌ಶಾಫ್ಟ್‌ಗೆ ಫ್ಲಾಂಜ್ (ಪ್ರೊಪೆಲ್ಲರ್ ಬೋಲ್ಟ್ ಮಾಡುವ ಚಪ್ಪಟೆ ತಟ್ಟೆ) ಇದೆ. ಇಲ್ಲದಿದ್ದರೆ ತುದಿ ಚೂಪಾಗುತ್ತಾ ಹೋಗುವ ಶಾಫ್ಟ್ ಇರಬಹುದು, ಅದಕ್ಕೆ ಬೇರೆ ಹಬ್ (ಪ್ರೊಪೆಲ್ಲರ್ ಕೂರಿಸುವ ಭಾಗ) ಬೇಕು. ಇದು ಖಾತ್ರಿಯಾಗುವ ಮುಂಚೆ ಪ್ರೊಪೆಲ್ಲರ್ ಕೊಳ್ಳಬೇಡಿ.

ಎಷ್ಟೋ ಕಬ್‌ಗಳಲ್ಲಿ ಸ್ಟ್ರಾಂಬರ್ಗ್ ಕಾರ್ಬ್ಯುರೇಟರಿನ ಮಿಕ್ಸ್‌ಚರನ್ನು (ಗಾಳಿ-ಇಂಧನದ ಮಿಶ್ರಣ) ತಂತಿ ಕಟ್ಟಿ ಪೂರ್ತಿ ರಿಚ್‌ನಲ್ಲೇ (ಇಂಧನ ಜಾಸ್ತಿ ಇರುವಂತೆ) ನಿಲ್ಲಿಸಿರುತ್ತಾರೆ. 5,000 ಅಡಿಯಲ್ಲಿ ಅದರಿಂದಲೂ ಶಕ್ತಿ ಹೋಗುತ್ತದೆ, ಸ್ಪಾರ್ಕ್ ಪ್ಲಗ್‌ಗಳೂ ಮಸಿ ಹಿಡಿಯುತ್ತವೆ. ನಿಮ್ಮದು ಹೇಗಿದೆ ನೋಡಿ.

ಕೊನೆಗೆ, ಈಗಿರುವ ಎಂಜಿನ್ ಬಿಚ್ಚುವ ಮುಂಚೆ ವಿಮಾನ ಕಟ್ಟಿ ನಿಲ್ಲಿಸಿ, ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಬರುತ್ತದೆ ಬರೆದುಕೊಳ್ಳಿ. ಈ ವಿಮಾನದ ವಿನ್ಯಾಸಕ್ಕೆ ಸರ್ಕಾರ ಕೊಟ್ಟ ಟೈಪ್ ಸರ್ಟಿಫಿಕೇಟ್ ಎ-691ರಲ್ಲಿ ಕೊಟ್ಟ ಮಿತಿಯ ಜೊತೆ ಹೋಲಿಸಿ. ಆ ಸಂಖ್ಯೆ, ಪ್ರೊಪೆಲ್ಲರ್ ಮೇಲಿನ ಅಳತೆ ಎರಡನ್ನೂ ಇಲ್ಲಿ ಹಾಕಿ, ಮುಂದಿನದು ನೋಡೋಣ.