ಪಾರಿವಾಳ ಓಡಿಸುವ ಯಂತ್ರ: ನಮ್ಮ ಮನೆಯವರ ಗುಂಪಿನಲ್ಲಿ ಒಂದು ಭಾನುವಾರ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 18 ಜನ ಇದ್ದೇವೆ. ಬರೆಯುವವರು ಐದಾರು ಮಂದಿ. ಉಳಿದವರು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಮೊನ್ನೆ ಭಾನುವಾರ ಮಾತ್ರ ದೊಡ್ಡಪ್ಪ ಹಾಕಿದ ಒಂದು ಫಾರ್ವರ್ಡ್‌ಗೆ ಎಲ್ಲರೂ ಎದ್ದು ಕೂತರು. ದೊಡ್ಡಪ್ಪ ಮತ್ತು ಅತ್ತೆಯದು ಒಂದೇ ಕಟ್ಟಡ, ಮೇಲೆ ಕೆಳಗೆ ಮನೆ. ದೊಡ್ಡಪ್ಪ ಕಟ್ಟಡದ ಸಮಿತಿಯಲ್ಲೂ ಇದ್ದಾರೆ. ಅಕ್ಕ ಆಡಿಯಾಲಜಿಸ್ಟ್, ಅಂದರೆ ಯಾರಿಗೆ ಎಷ್ಟು ಕಿವಿ ಕೇಳಿಸುತ್ತದೆ ಅಂತ ಅಳೆಯುವುದೇ ಅವಳ ಕೆಲಸ. ಇಷ್ಟು ಗೊತ್ತಿದ್ದರೆ ಸಾಕು. ನಡುವಿನ ಗುಡ್ ಮಾರ್ನಿಂಗ್ ಚಿತ್ರಗಳನ್ನು ತೆಗೆದು, ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕಿದ್ದೇನೆ.

ದೊಡ್ಡಪ್ಪ (ಫಾರ್ವರ್ಡ್): ಪಾರಿವಾಳದ ಕಾಟಕ್ಕೆ ಕೊನೆಗೂ ಪರಿಹಾರ!! ಮನುಷ್ಯರಿಗೆ ಕೇಳಿಸದ ಅಲ್ಟ್ರಾಸೋನಿಕ್ ಶಬ್ದ. ಗೋಡೆಗೆ ಹಾಕಿ, ಸ್ವಿಚ್ ಒತ್ತಿ, ಮರೆತುಬಿಡಿ. 7 ದಿನದಲ್ಲಿ ಇಡೀ ಕಟ್ಟಡ ಖಾಲಿ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಸಮಿತಿಯಲ್ಲಿ ಮಾತಾಡಿದ್ದೇನೆ. ತಾರಸಿಗೆ 4, ಪ್ರತಿ ಮಹಡಿಗೆ 2 ಹಾಕಿಸೋಣ ಅಂತ. ಮಾರುವವರು ಒಂದು ಸ್ಯಾಂಪಲ್ ಕೊಟ್ಟಿದ್ದಾರೆ. ನಿನ್ನೆ ನನ್ನ ತಂಗಿಯ ಬಾಲ್ಕನಿಯಲ್ಲಿ ಹಾಕಿಸಿದೆ.

ಅತ್ತೆ: ಹೌದು. ಹಸಿರು ದೀಪ ಉರಿಯುತ್ತಿದೆ ಅಣ್ಣಾ.

ಅಕ್ಕ: ದೊಡ್ಡಪ್ಪ, ದಯವಿಟ್ಟು ಆರ್ಡರ್ ಕೊಡಬೇಡಿ. ಅಲ್ಟ್ರಾಸೋನಿಕ್ ಅಂದರೆ 20 ಕಿಲೋಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 20,000 ಕಂಪನಕ್ಕಿಂತ ಮೇಲಿನ ಶಬ್ದ. ಪಾರಿವಾಳಕ್ಕೆ ಚೆನ್ನಾಗಿ ಕೇಳಿಸುವುದು ಸುಮಾರು 1ರಿಂದ 4 ಕಿಲೋಹರ್ಟ್ಸ್. 10 ದಾಟಿದರೆ ಏನೂ ಕೇಳಿಸುವುದಿಲ್ಲ. ಇದು ಮನುಷ್ಯರಿಗೂ ಕೇಳಿಸದ, ಪಾರಿವಾಳಕ್ಕೂ ಕೇಳಿಸದ ಯಂತ್ರ.

ದೊಡ್ಡಪ್ಪ: ನೂರಾರು ಕಿಲೋಮೀಟರ್ ದೂರದಲ್ಲಿ ಬಿಟ್ಟರೂ ಮನೆ ಹುಡುಕಿಕೊಂಡು ಬರುವ ಹಕ್ಕಿ ಕಣಮ್ಮ ಅದು. ಅದಕ್ಕೆ ಕಿವಿ ಕೇಳಿಸಲ್ಲ ಅಂತೀಯಾ?

ಅಕ್ಕ: ಕೇಳಿಸುತ್ತದೆ, ಆದರೆ ತಗ್ಗಿನ ಕಡೆಗೆ. ನಮಗೆ 20 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಕೇಳಿಸುವುದಿಲ್ಲ. ಅದಕ್ಕೆ 1 ಹರ್ಟ್ಸ್‌ಗಿಂತ ಕಡಿಮೆ ಇದ್ದರೂ ಗೊತ್ತಾಗುತ್ತದೆ. ಮೇಲಿನ ಕಡೆ ನಾವೇ ಮುಂದೆ.

ಭಾವ: ಹಾಗಾದರೆ ತಗ್ಗಿನ ಶಬ್ದದ ಯಂತ್ರ ಹಾಕಿದರಾಯಿತು!

ಅಕ್ಕ: ರೀ, ಅಷ್ಟು ತಗ್ಗಿನ ಶಬ್ದವನ್ನು ಜೋರಾಗಿ ಹೊರಡಿಸಲು ಬೀರುವಿನಷ್ಟು ದೊಡ್ಡ ಸ್ಪೀಕರ್ ಬೇಕು. ಕಿಟಕಿ ಗಾಜು ಗಡಗಡ ಅನ್ನುತ್ತದೆ. ಪಾರಿವಾಳಕ್ಕಿಂತ ಮೊದಲು ನಾವು ಮನೆ ಬಿಡಬೇಕಾಗುತ್ತದೆ.

(ಭಾವ ಇಷ್ಟಕ್ಕೆ ಬಿಡುವವರಲ್ಲ. ಮುಂದಿನ ಸಂದೇಶ ಟೈಪ್ ಮಾಡಲು ಏಳು ನಿಮಿಷ ತೆಗೆದುಕೊಂಡರು.)

ಭಾವ: ನಮ್ಮ ಆಫೀಸಿನಲ್ಲಿ ಗಿಡುಗ ಕೂಗುವ ಶಬ್ದದ ಯಂತ್ರ ಹಾಕಿದ್ದರು. ಅದು ಎಲ್ಲರಿಗೂ ಕೇಳಿಸುವ ಶಬ್ದ. ಒಂದು ವಾರ ಒಂದೇ ಒಂದು ಪಾರಿವಾಳ ಬರಲಿಲ್ಲ. ಕಣ್ಣಾರೆ ನೋಡಿದ್ದೇನೆ.

ನಾನು: ಭಾವ, ಅದೇ ವಾರ ಕಟ್ಟಡಕ್ಕೆ ಸುಣ್ಣಬಣ್ಣ ನಡೀತಾ ಇತ್ತು ಅಂತ ನೀವೇ ಹೇಳಿದ್ದಿರಿ. ಸಾರುವೆ ಕಟ್ಟಿ, ಸಜ್ಜಾ ಮೇಲೆಲ್ಲ ಜನ ಓಡಾಡುತ್ತಿದ್ದರು.

ಭಾವ: ಅದೂ ಇತ್ತು.

ಅಕ್ಕ: ಎರಡನೇ ವಾರ ಏನಾಯಿತು ಅಂತಲೂ ಹೇಳಿ.

ಭಾವ: ವಾಪಸ್ ಬಂದವು.

ಅಕ್ಕ: ಬರಲೇಬೇಕು. ಗಿಡುಗದ ಕೂಗು ಕೇಳಿಸುತ್ತದೆ, ಗಿಡುಗ ಮಾತ್ರ ಬರುವುದಿಲ್ಲ. ನಾಲ್ಕು ದಿನ ಹೆದರಿ ಐದನೇ ದಿನ ಅದೂ ಹಾರ್ನ್ ಸದ್ದಿನ ಹಾಗೆ ಆಗಿಬಿಡುತ್ತದೆ. ವಿಮಾನ ನಿಲ್ದಾಣಗಳಲ್ಲೂ ಇಂಥ ಶಬ್ದ ಬಳಸುತ್ತಾರೆ. ಆದರೆ ಅಲ್ಲಿ ಗಾಡಿಯಲ್ಲಿ ಜನ ಹಿಂದೆ ಹೋಗುತ್ತಾರೆ, ಪಟಾಕಿ ಸಿಡಿಸುತ್ತಾರೆ, ಶಬ್ದವನ್ನೂ ಜಾಗವನ್ನೂ ಬದಲಿಸುತ್ತಾ ಇರುತ್ತಾರೆ. ಹಕ್ಕಿಗಳೂ ಅಲ್ಲಿ ಹಾದುಹೋಗುವಂಥವೇ ಜಾಸ್ತಿ. ನಮ್ಮ ಪಾರಿವಾಳ ಇಲ್ಲೇ ಸಂಸಾರ ಹೂಡಿದೆ. ಅದು ಬಂಡೆಯ ಅಂಚಿನಲ್ಲಿ ಗೂಡು ಕಟ್ಟುವ ಹಕ್ಕಿ. ಅದರ ಕಣ್ಣಿಗೆ ನಮ್ಮ ಸಜ್ಜಾ ಕೂಡ ಬಂಡೆಯೇ.

ದೊಡ್ಡಪ್ಪ: ಪುಸ್ತಕದ ಮಾತು ಬೇರೆ, ಅನುಭವ ಬೇರೆ. ಇಷ್ಟೊಂದು ಕಂಪನಿಗಳು ಸುಮ್ನೆ ಮಾಡ್ತಾರಾ?

ಅಕ್ಕ: 2001ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಅಲ್ಟ್ರಾಸೋನಿಕ್ ಯಂತ್ರ ಮಾಡುವ, ಮಾರುವ 60ಕ್ಕೂ ಹೆಚ್ಚು ಮಂದಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ವೈಜ್ಞಾನಿಕ ಆಧಾರ ಇಲ್ಲದೆ ಜಾಹೀರಾತು ಕೊಡಬೇಡಿ ಅಂತ.

ದೊಡ್ಡಪ್ಪ: ಅದು ಇಲಿ, ಜಿರಳೆ ಯಂತ್ರಕ್ಕೆ ಇರಬೇಕು.

ಅಕ್ಕ: ಹೆಚ್ಚಾಗಿ ಅವೇ. ಆದರೆ ಇಲಿಗೆ ಕನಿಷ್ಠ ಆ ಶಬ್ದ ಕೇಳಿಸುತ್ತದೆ ದೊಡ್ಡಪ್ಪ!

ಇಲ್ಲಿಗೆ ಹೆಬ್ಬೆರಳಿನವರೆಲ್ಲ ಹೊರಬಂದರು. ಸಾಲಾಗಿ ನಗುವ ಮುಖಗಳು. ದೊಡ್ಡಪ್ಪನಿಗೆ ಬೇಸರವಾಯಿತು ಅಂತ ನನಗನ್ನಿಸಿತು. ಅರ್ಧ ಗಂಟೆ ಅವರ ಸುದ್ದಿ ಇಲ್ಲ. ಅಷ್ಟರಲ್ಲಿ ಅತ್ತೆಯ ಮಗ ಪುಟ್ಟ ಎದ್ದ. ಹತ್ತನೇ ಕ್ಲಾಸು, ಭಾನುವಾರ ಹನ್ನೊಂದಕ್ಕೆ ಬೆಳಗಾಗುತ್ತದೆ.

ಪುಟ್ಟ: ಆ ಯಂತ್ರ ಯಾರು ಹಾಕಿಸಿದ್ದು??? ರಾತ್ರಿಯೆಲ್ಲ ಕಿವಿಯಲ್ಲಿ ಕೀಂ ಅಂತಿತ್ತು. ತಲೆ ಸಿಡೀತಿದೆ.

ಅತ್ತೆ: ನನಗೇನೂ ಕೇಳಿಸಲಿಲ್ಲವಲ್ಲೋ. ಓದು ತಪ್ಪಿಸಲು ನೆಪ.

ಅಕ್ಕ: ನೆಪ ಅಲ್ಲ ಅತ್ತೆ. ಅದರ ಮೇಲೆ ತಿರುಗಿಸುವ ಗುಂಡಿ ಇದೆಯಾ?

ಪುಟ್ಟ: ಇದೆ ಅಕ್ಕ. 15ರಿಂದ 25 ಅಂತ ಬರೆದಿದೆ. ಈಗ 17 ಹತ್ತಿರ ಇದೆ.

ಅಕ್ಕ: ನೋಡಿ. 17 ಕಿಲೋಹರ್ಟ್ಸ್ ಅಲ್ಟ್ರಾಸೋನಿಕ್ಕೇ ಅಲ್ಲ. ಹುಡುಗರಿಗೆ ಚೆನ್ನಾಗಿ ಕೇಳಿಸುತ್ತದೆ, ವಯಸ್ಸಾದ ಹಾಗೆ ಆ ಎತ್ತರದ ಸ್ವರ ಮೊದಲು ಹೋಗುತ್ತದೆ. ಬ್ರಿಟನ್ನಿನಲ್ಲಿ 2005ರಲ್ಲಿ ‘ಮಸ್ಕಿಟೊ’ ಅಂತ ಒಂದು ಯಂತ್ರ ಬಂತು. ಅಂಗಡಿ ಮುಂದೆ ಗುಂಪು ಕಟ್ಟುವ ಹುಡುಗರನ್ನು ಓಡಿಸಲು 17.4 ಕಿಲೋಹರ್ಟ್ಸ್ ಶಬ್ದ ಬಿಡುತ್ತಿದ್ದರು. ಅತ್ತೆ ಬಾಲ್ಕನಿಯಲ್ಲಿ ನಡೆಯುತ್ತಿರುವುದು ಅದೇ.

ಪುಟ್ಟ: ಪಕ್ಕದ ಮನೆ ನಾಯಿ ನಿನ್ನೆಯಿಂದ ಬಾಲ್ಕನಿಗೇ ಬಂದಿಲ್ಲ.

ಅಕ್ಕ: ಪಾಪ. ನಾಯಿಗೆ ಸುಮಾರು 45 ಕಿಲೋಹರ್ಟ್ಸ್‌ವರೆಗೂ ಕೇಳಿಸುತ್ತದೆ, ಬೆಕ್ಕಿಗೆ ಇನ್ನೂ ಮೇಲೆ.

ನಾನು: ಪಾರಿವಾಳ?

ಪುಟ್ಟ: (ಫೋಟೊ)

ಫೋಟೊದಲ್ಲಿ ಹಸಿರು ದೀಪ ಉರಿಯುತ್ತಿದೆ. ಅದರಿಂದ ಒಂದು ಗೇಣು ದೂರದಲ್ಲಿ ಎರಡು ಪಾರಿವಾಳ ಕೂತಿವೆ. ಒಂದು ಕಣ್ಣು ಮುಚ್ಚಿದೆ.

ಆಮೇಲೆ ದೊಡ್ಡಪ್ಪ ಬಂದರು. ಈ ಸಲ ಫಾರ್ವರ್ಡ್ ಅಲ್ಲ.

ದೊಡ್ಡಪ್ಪ: ನಿಮಗೆಲ್ಲ ತಮಾಷೆ. ನಿಮ್ಮ ದೊಡ್ಡಮ್ಮನ ಒಣಕೆಮ್ಮು ಮೂರು ತಿಂಗಳಿಂದ ನಿಂತಿಲ್ಲ. ಪಾರಿವಾಳದ ಧೂಳು ಇದ್ದರೆ ದೂರ ಇಡಿ ಅಂದಿದ್ದಾರೆ ಡಾಕ್ಟರು. ನಾನು ಏನಾದರೂ ಮಾಡಬೇಕಲ್ಲ?

ಅಕ್ಕ: ದೊಡ್ಡಪ್ಪ, ಇದನ್ನು ಮೊದಲೇ ಹೇಳಬಾರದಿತ್ತಾ. ಕ್ಷಮಿಸಿ. ಡಾಕ್ಟರು ಹೇಳಿದ್ದು ಸರಿ. ಒಣಗಿದ ಹಿಕ್ಕೆ, ಗರಿಯ ಪುಡಿ ದಿನಾ ಉಸಿರಿಗೆ ಸೇರಿದರೆ ಕೆಲವರಿಗೆ ಶ್ವಾಸಕೋಶವೇ ಊದಿಕೊಳ್ಳುತ್ತದೆ. ಬಾಲ್ಕನಿಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಮೊದಲು ನೀರು ಹಾಕಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಬೇಕು. ದೊಡ್ಡಮ್ಮ ಆ ಕಡೆ ಬರುವುದೇ ಬೇಡ. ಕಾಯಿಲೆ ಇರುವ ಮನೆ ಅಂತಲೇ ಹೇಳುತ್ತಿದ್ದೇನೆ, ದೀಪ ಉರಿಯುವ ಡಬ್ಬಿ ನಂಬಿ ಕೂರಬೇಡಿ.

ದೊಡ್ಡಪ್ಪ: ಮತ್ತೇನು ಮಾಡಲಿ ಹೇಳು.

ಅಕ್ಕ: ನೆಟ್. 50 ಮಿಲಿಮೀಟರ್ ಕಣ್ಣಿನ ಬಲೆ, ಬಿಗಿಯಾಗಿ, ಅಂಚಿನಲ್ಲಿ ಸಂದಿ ಬಿಡದೆ. ಸಡಿಲವಾಗಿದ್ದರೆ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಬಲೆ ಕಟ್ಟಲು ಆಗದ ಸಜ್ಜಾಕ್ಕೆ 45 ಡಿಗ್ರಿಗಿಂತ ಜಾಸ್ತಿ ಇಳಿಜಾರು ಕೊಟ್ಟು ತಗಡು ಹಾಕಿಸಿ. ಕಾಲು ನಿಲ್ಲದ ಕಡೆ ಕೂರುವುದಿಲ್ಲ. ಎಸಿ ಪೆಟ್ಟಿಗೆಯ ಹಿಂದಿನ ಜಾಗ ಮುಚ್ಚಿಸಿ. ಮುಖ್ಯವಾಗಿ ಯಾರೂ ಕಾಳು ಹಾಕಬಾರದು. ಊಟ ಸಿಗುವ ಜಾಗ ಬಿಟ್ಟು ಅವು ಯಾಕೆ ಹೋಗುತ್ತವೆ?

ಪುಟ್ಟ: ಅಮ್ಮ ಹಾಕ್ತಾಳೆ.

ಅತ್ತೆ: ಅದು ಗುಬ್ಬಿಗೆ ಹಾಕಿದ್ದು!!

ಪುಟ್ಟ: ಒಂದು ಗುಬ್ಬಿ ತೋರಿಸು.

ದೊಡ್ಡಪ್ಪ: ಏನಮ್ಮಾ ಇದು? ನಾನು ಮೇಲೆ ಯಂತ್ರ ಹುಡುಕುತ್ತಿದ್ದೇನೆ, ನೀನು ಕೆಳಗೆ ಕಾಳು ಹಾಕುತ್ತಿದ್ದೀಯಾ?

(ಅತ್ತೆ ಹತ್ತು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’ ಅಂತ ತೋರಿಸಿತು. ಕೊನೆಗೆ ಬಂದದ್ದು ಒಂದು ಕೈಮುಗಿಯುವ ಚಿತ್ರ.)

ಅತ್ತೆ: ಇನ್ನೊಂದು ವಿಷಯ. ಎಸಿ ಹಿಂದೆ ಎರಡು ಮೊಟ್ಟೆ ಇವೆ.

ಅಕ್ಕ: ಹಾಗಾದರೆ ಈಗ ಅಲ್ಲಿ ಮುಚ್ಚಿಸಬೇಡಿ. ಕಾವು ಸುಮಾರು 18 ದಿನ, ಮರಿ ಹಾರಲು ಇನ್ನೊಂದು ತಿಂಗಳು. ಹಾರಿದ ದಿನವೇ ತೊಳೆಸಿ ನೆಟ್ ಕಟ್ಟಿಸಿ. ತಡಮಾಡಿದರೆ ಅಲ್ಲೇ ಮುಂದಿನ ಜೋಡಿ ಮೊಟ್ಟೆ ಇಡುತ್ತವೆ. ದೊಡ್ಡಪ್ಪನ ಬಾಲ್ಕನಿಗೆ ಈ ವಾರವೇ ಕಟ್ಟಿಸಬಹುದು.

ದೊಡ್ಡಪ್ಪ: ಆಗಲಿ. ಆದರೂ ಒಂದು ಮಾತು. ನನ್ನ ಕಿವಿಗೆ ಆ ಯಂತ್ರದ ಶಬ್ದ ಸ್ವಲ್ಪ ಕೇಳಿಸಿದ ಹಾಗಿತ್ತು.

ಅಕ್ಕ: ನಿಮ್ಮ ವಯಸ್ಸಿಗೆ 17 ಕಿಲೋಹರ್ಟ್ಸ್ ಕೇಳಿಸುವುದು ಕಷ್ಟ ದೊಡ್ಡಪ್ಪ. ಬೇಕಾದರೆ ಟೋನ್ ಜನರೇಟರ್ ಅಂತ ಆ್ಯಪ್ ಸಿಗುತ್ತದೆ, ನೋಡಿ. 1,000 ಹರ್ಟ್ಸ್, ಅಂದರೆ 1 ಕಿಲೋಹರ್ಟ್ಸ್‌ನಿಂದ ನಿಧಾನವಾಗಿ ಏರಿಸಿ, ಎಲ್ಲಿ ನಿಲ್ಲುತ್ತದೆ ಅಂತ ಹೇಳಿ. ಮನೆಯಲ್ಲಿ ಮಾಡುವ ಪರೀಕ್ಷೆ, ಪಕ್ಕಾ ಲೆಕ್ಕ ಅಲ್ಲ. ವಾಲ್ಯೂಮ್ ಜಾಸ್ತಿ ಇಡಬೇಡಿ.

ಗುಂಪು ಮಲಗಿತು. ರಾತ್ರಿ ಹತ್ತೂವರೆಗೆ ಮತ್ತೆ ಫೋನ್ ಟಿಂಗ್ ಅಂದಿತು.

ದೊಡ್ಡಪ್ಪ: 9,000ಕ್ಕೆ ನಿಂತಿತು. ಫೋನ್ ಸ್ಪೀಕರ್ ಸರಿ ಇಲ್ಲ ಅನ್ನಿಸುತ್ತದೆ.

ದೊಡ್ಡಮ್ಮ: ಸ್ಪೀಕರ್ ಸರಿ ಇದೆ. ನನಗೆ 11,000ದವರೆಗೂ ಕೇಳಿಸಿತು.

ದೊಡ್ಡಪ್ಪ: ಪಾರಿವಾಳಕ್ಕೆ ಎಷ್ಟು ಅಂದೆ?

ಅಕ್ಕ: ಹೆಚ್ಚುಕಮ್ಮಿ ನಿಮ್ಮಷ್ಟೇ.

ದೊಡ್ಡಪ್ಪ: ನೆಟ್ ಕಟ್ಟುವವರ ನಂಬರ್ ಕಳಿಸು.