ಕೊತ್ತಂಬರಿ ನೀರು ಕುಡಿದರೆ ಥೈರಾಯ್ಡ್ ಮಾತ್ರೆ ಬಿಡಬಹುದಾ? ಡಯಟೀಷಿಯನ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್. ಈ ವಾರ ಕೊತ್ತಂಬರಿ ಬಗ್ಗೆ ಏನು ಬೇಕಾದರೂ ಕೇಳಿ, ಸೊಪ್ಪಿನದ್ದಾಗಲಿ ಬೀಜದ್ದಾಗಲಿ. ಅಂಗಡಿಯವರು ಧನಿಯಾ ಅನ್ನೋದು, ನಮ್ಮ ಮನೆಯಲ್ಲಿ ಹವೀಜ ಅನ್ನೋದು ಇದೇ ಬೀಜಕ್ಕೆ.

ಪ್ರಶ್ನೆ: ಮೇಡಂ, ನಮ್ಮ ಅತ್ತೆಗೆ 58 ವರ್ಷ. ಥೈರಾಯ್ಡ್ ಕಡಿಮೆ ಅಂತ ಎಂಟು ವರ್ಷದಿಂದ 75 ಮೈಕ್ರೋಗ್ರಾಂ ಮಾತ್ರೆ ತಗೋತಿದ್ರು. ರಾತ್ರಿ ಕೊತ್ತಂಬರಿ ಬೀಜ ನೆನೆಸಿಟ್ಟು ಬೆಳಿಗ್ಗೆ ಆ ನೀರು ಕುಡಿದರೆ ಥೈರಾಯ್ಡ್ ಪೂರ್ತಿ ಹೋಗುತ್ತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಮಾತ್ರೆ ಬಿಟ್ಟು ಮೂರು ವಾರ ಆಯ್ತು. "ನೋಡು, ನನಗೇನಾದರೂ ಆಯ್ತಾ?" ಅಂತ ನನ್ನನ್ನೇ ಕೇಳ್ತಾರೆ.

ಉತ್ತರ: ಮೊದಲು ಡಾಕ್ಟರಿಗೆ ಫೋನ್ ಮಾಡಿ, ಮೂರು ವಾರ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಿ. ಮಾತ್ರೆ ಮತ್ತೆ ಎಷ್ಟರಿಂದ ಶುರು ಮಾಡಬೇಕು ಅಂತ ಅವರು ಹೇಳ್ತಾರೆ. ಕೊತ್ತಂಬರಿ ನೀರು ಥೈರಾಯ್ಡ್ ಗ್ರಂಥಿಯನ್ನು ಸರಿಮಾಡುತ್ತದೆ ಅನ್ನೋದಕ್ಕೆ ಆಧಾರ ಇಲ್ಲ.

ಇನ್ನು "ಏನೂ ಆಗಿಲ್ಲ" ಅನ್ನೋ ಮಾತು. ಈ ಮಾತ್ರೆಯ ಔಷಧಿ ನಮ್ಮ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಉಳಿದದ್ದರಲ್ಲಿ ಅರ್ಧ ಇಳಿಯಲು ಇನ್ನೊಂದು ವಾರ. ಅಂದರೆ ನಿಲ್ಲಿಸಿದ ಮೊದಲ ಎರಡು ಮೂರು ವಾರ ನಿಮ್ಮ ಅತ್ತೆಯನ್ನು ನಡೆಸಿದ್ದು ಹಳೆಯ ಮಾತ್ರೆಯೇ. ಹೆಸರು ಮಾತ್ರ ಕೊತ್ತಂಬರಿ ನೀರಿಗೆ ಬಂತು! ಸುಸ್ತು, ಮಲಬದ್ಧತೆ, ಮುಖ ಊದಿಕೊಳ್ಳೋದು ಇವೆಲ್ಲ ನಿಧಾನವಾಗಿ ಬರುತ್ತವೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟಿದ್ದೇ ಮರೆತು "ವಯಸ್ಸಾಯ್ತಲ್ಲ" ಅಂದುಕೊಳ್ತೀವಿ.

ಇನ್ನೊಬ್ಬರು: ನಮ್ಮ ಅಜ್ಜಿ ಕಾಲದಿಂದ ಈ ನೀರು ಕುಡೀತಾ ಬಂದಿದ್ದೀವಿ. ಇಂಗ್ಲಿಷ್ ಔಷಧಿಯವರು ಮನೆಮದ್ದು ಒಪ್ಪೋದೇ ಇಲ್ಲ.

ಉತ್ತರ: ನಮ್ಮಜ್ಜಿಯೂ ಕುಡೀತಿದ್ರು. ಉಷ್ಣ ಆಯ್ತು ಅಂತಲೋ, ಹೊಟ್ಟೆ ಉಬ್ಬರಕ್ಕೋ, ಬಾಯಿ ರುಚಿ ಕೆಟ್ಟಿದ್ದಕ್ಕೋ. ಅದಕ್ಕೆ ನನ್ನ ತಕರಾರು ಏನೂ ಇಲ್ಲ. ಥೈರಾಯ್ಡ್‌ಗೆ ಅಂತ ಯಾವ ಅಜ್ಜಿಯೂ ಕುಡಿದಿಲ್ಲ. ಆ ಕಥೆಯನ್ನು ವಾಟ್ಸಾಪ್‌ನವರು ಅಜ್ಜಿಯ ತಲೆಗೆ ಕಟ್ಟಿದ್ದು. ಸಕ್ಕರೆ ಕಾಯಿಲೆ ಬಗ್ಗೆ ಇನ್ಬಾಕ್ಸ್‌ನಲ್ಲಿ ಕೇಳಿದವರಿಗೂ ಇಲ್ಲೇ ಹೇಳ್ತೀನಿ: ಇಲಿಗಳ ಮೇಲಿನ ಪ್ರಯೋಗದಲ್ಲಿ ಸಕ್ಕರೆ ಇಳಿದದ್ದು ನಿಜ. ಅದನ್ನೇ ನಂಬಿ ಮನುಷ್ಯರು ಮಾತ್ರೆ ನಿಲ್ಲಿಸೋ ಹಾಗಿಲ್ಲ.

ಪ್ರಶ್ನೆ: ಅಪ್ಪನಿಗೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ. ರಕ್ತ ತೆಳುವಾಗಲು ವಾರ್ಫರಿನ್ ಕೊಟ್ಟಿದ್ದಾರೆ. ಸೊಪ್ಪು ಮುಟ್ಟಲೇಬಾರದು ಅಂತ ಪಕ್ಕದ ಮನೆಯವರು ಹೇಳಿದರು. ಸಾರಿಗೆ ಕೊತ್ತಂಬರಿ ಹಾಕೋದನ್ನೂ ಬಿಟ್ಟಿದ್ದೀವಿ.

ಉತ್ತರ: ಪಾಪ, ಸಾರಿಗೆ ಹಾಕಿ! ಕೊತ್ತಂಬರಿ ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, 100 ಗ್ರಾಂಗೆ ಸುಮಾರು 310 ಮೈಕ್ರೋಗ್ರಾಂ. ಇದು ವಾರ್ಫರಿನ್ ಮಾಡೋ ಕೆಲಸಕ್ಕೆ ಎದುರು ನಿಲ್ಲುತ್ತದೆ. ಆದರೆ ಸಾರಿನ ಮೇಲೆ ಉದುರಿಸೋದು ಐದು ಗ್ರಾಂ ಇದ್ದರೆ ಹೆಚ್ಚು. ಅದರಲ್ಲಿ ಸಿಗೋದು ಬರೀ 15 ಮೈಕ್ರೋಗ್ರಾಂ.

ತೊಂದರೆ ಆಗೋದು ಏರುಪೇರಿನಿಂದ. ಇಡೀ ವಾರ ಒಂದೆಲೆಯೂ ಇಲ್ಲ, ಭಾನುವಾರ ಮಾತ್ರ ಎರಡು ಕಟ್ಟು ಅರೆದು ಚಟ್ನಿ, ಮೇಲೆ ಕೊತ್ತಂಬರಿ ರೈಸ್‌ಬಾತ್. ಹೀಗಾದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡೋ ಪರೀಕ್ಷೆಯ ಲೆಕ್ಕ ತಪ್ಪುತ್ತದೆ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ತಿನ್ನಲಿ. ವಾರ್ಫರಿನ್ ಥರದ್ದೇ ಇನ್ನೊಂದು ಮಾತ್ರೆ ಅಸೆನೊಕುಮರಾಲ್ ತಗೊಳ್ಳೋರಿಗೂ ಇದೇ ಮಾತು. ರಕ್ತ ತೆಳುವಾಗಿಸೋ ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಈ ಸೊಪ್ಪಿನ ತಾಪತ್ರಯ ಇಲ್ಲ.

ಪ್ರಶ್ನೆ: ನನ್ನ ಮಗನಿಗೆ ಕೊತ್ತಂಬರಿ ಸೊಪ್ಪು ಸೋಪಿನ ವಾಸನೆ ಬರುತ್ತಂತೆ. ತಟ್ಟೆಯ ಅಂಚಿಗೆ ಒಂದೊಂದೇ ಎಲೆ ಆರಿಸಿ ಇಡ್ತಾನೆ. ನಾಟಕ ಅಲ್ವಾ?

ಉತ್ತರ: ನಾಟಕ ಅಲ್ಲ, ಬೈಬೇಡಿ. ಸೊಪ್ಪಿನ ಘಮಕ್ಕೆ ಕಾರಣವಾದ ಆಲ್ಡಿಹೈಡ್‌ಗಳು ಸೋಪಿನಲ್ಲೂ ಇರುತ್ತವೆ. ಕೆಲವರ ಮೂಗು ಅದನ್ನು ಜಾಸ್ತಿ ಹಿಡಿಯುತ್ತದೆ. ವಾಸನೆ ಗುರುತಿಸುವ ಓಆರ್6ಎ2 ಎಂಬ ಜೀನ್‌ಗೂ ಇದಕ್ಕೂ ನಂಟಿದೆ ಅಂತ 2012ರಲ್ಲಿ ಗೊತ್ತಾಯಿತು. ಅವನಿಗೆ ಸೊಪ್ಪನ್ನು ನುಣ್ಣಗೆ ಅರೆದು ಚಟ್ನಿ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಕೊಟ್ಟು ನೋಡಿ. ಅರೆದಾಗ ಆ ವಾಸನೆ ಇಳಿಯುತ್ತದೆ. ಬೀಜದ ಪರಿಮಳವೇ ಬೇರೆ, ಅದಕ್ಕೆ ಅವನು ಬೇಡ ಅನ್ನಲಿಕ್ಕಿಲ್ಲ.

ಪ್ರಶ್ನೆ: ಆರೋಗ್ಯದ ಪ್ರಶ್ನೆ ಅಲ್ಲ, ಆದರೂ ಕೇಳ್ತೀನಿ. ನಾನು ಮಾಡೋ ಸಾರಿನ ಪುಡಿ ಒಂದೊಂದು ಸಲ ಕಹಿ. ಇನ್ನೊಂದು ಸಲ ತಿಂಗಳಿಗೇ ಘಮ ಹೋಗಿ ಹೊಟ್ಟಿನ ಹಾಗಾಗುತ್ತೆ.

ಉತ್ತರ: ಇಂಥ ಪ್ರಶ್ನೆಗೇ ಕಾಯ್ತಿದ್ದೆ. ಕಹಿಗೆ ಕಾರಣ ಕೊತ್ತಂಬರಿ ಇರಲಿಕ್ಕಿಲ್ಲ, ಸೀದ ಮೆಂತ್ಯ ಇರಬೇಕು. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದರೆ ಕೊತ್ತಂಬರಿ ಬಿಸಿಯಾಗೋ ಹೊತ್ತಿಗೆ ಮೆಂತ್ಯ ಕರಕಲಾಗಿರುತ್ತದೆ. ಒಂದೊಂದನ್ನೂ ಬೇರೆಬೇರೆ ಹುರಿಯಿರಿ. ಕೊತ್ತಂಬರಿ ಬೀಜಕ್ಕೆ ಸಣ್ಣ ಉರಿ, ಕೈ ಬಿಡದೆ ಆಡಿಸಬೇಕು. ಬೀಜದ ಘಮ ಬಹುಪಾಲು ಲಿನಲೂಲ್ ಎಂಬ ಎಣ್ಣೆಯಂಥ ವಸ್ತುವಿನಿಂದ. ಅದು ಬಿಸಿಗೆ ಹಾರಿಹೋಗುತ್ತದೆ. ಅಡುಗೆಮನೆಯೆಲ್ಲ ಘಮಘಮ ಅಂದರೆ ಪುಡಿಯಲ್ಲಿ ಇರಬೇಕಾದದ್ದು ಗಾಳಿಗೆ ಹೋಗ್ತಿದೆ ಅಂತ! ಬೀಜ ಹಗುರಾಗಿ ಮುಟ್ಟಿದರೆ ಗರಿಗರಿ ಅನ್ನುವಾಗ ಇಳಿಸಿ, ಬಿಸಿ ಬಾಣಲೆಯಲ್ಲೇ ಬಿಡಬೇಡಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ.

ಒಂದು ವರ್ಷಕ್ಕೆ ಸಾಕಾಗುವಷ್ಟು ಒಟ್ಟಿಗೆ ಕುಟ್ಟಿಸೋ ಅಭ್ಯಾಸ ನನಗೆ ಇಷ್ಟ ಇಲ್ಲ. ಇಡೀ ಬೀಜ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಪುಡಿ ಇರಲ್ಲ. ಎರಡು ತಿಂಗಳಿಗೆ ಆಗುವಷ್ಟು ಮಾಡಿಕೊಂಡರೆ ಸಾಕು.

ಸೊಪ್ಪಿಗೆ ಬೇರೆ ಲೆಕ್ಕ. ಎಲೆ ಕುದಿದರೆ ಘಮ ಸತ್ತೇಹೋಗುತ್ತದೆ. ಒಲೆ ಆರಿಸಿ, ಎಲೆ ಹಾಕಿ, ಮುಚ್ಚಳ ಮುಚ್ಚಿ. ಕಾಂಡವನ್ನು ಮಾತ್ರ ಎಸೆಯಬೇಡಿ ಮಾರಾಯ್ರೆ, ಎಲೆಗಿಂತ ಬಿಸಿ ತಡೆಯೋದು ಅದೇ. ಕೂಟಿನ ಮಸಾಲೆಗೆ ಕಾಯಿ ಜೊತೆ ಅರೆಯಿರಿ. ಥಾಯ್ಲೆಂಡಿನವರು ಬೇರನ್ನೂ ಬಿಡದೆ ಮಸಾಲೆಗೆ ಕುಟ್ಟಿ ಹಾಕ್ತಾರೆ. ತರಕಾರಿಯವನು ಕೊಸರು ಅಂತ ಸುಮ್ನೆ ಕೊಡ್ತಿದ್ದ ಕಾಲದಲ್ಲಿ ಕಾಂಡ ಎಸೆದಿದ್ದು ಸರಿ, ಮಳೆಗಾಲದ ಈಗಿನ ರೇಟಿಗೆ ಆಗಲ್ಲ.

ಪ್ರಶ್ನೆ: ಕುಂಡದಲ್ಲಿ ಬೀಜ ಹಾಕಿ ಇಪ್ಪತ್ತು ದಿನ ಆಯ್ತು, ಮೊಳಕೆಯೇ ಇಲ್ಲ.

ಉತ್ತರ: ಇಡೀ ಬೀಜ ಹಾಕಿದ್ದೀರಿ ಅನ್ಸುತ್ತೆ. ನಾವು ಬೀಜ ಅನ್ನೋ ಆ ಗುಂಡು ನಿಜವಾಗಿ ಕಾಯಿ, ಒಳಗೆ ಎರಡು ಬೀಜ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿ. ಹುರಿದ ಬೀಜ ಅಲ್ಲ ತಾನೆ?

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಡಾಕ್ಟರ್ ಹತ್ತಿರ ಮಾತಾಡಿದೆ. ಅತ್ತೆ ಇವತ್ತಿನಿಂದ ಮಾತ್ರೆ ತಗೊಂಡಿದ್ದಾರೆ. ಆರು ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ನೋಡೋಣ ಅಂದರು. ಆದರೆ ಕೊತ್ತಂಬರಿ ನೀರು ಮಾತ್ರ ಬಿಡಲ್ಲ ಅಂತಾರೆ.

ಉತ್ತರ: ಬಿಡೋದು ಬೇಡ! ಎದ್ದ ಕೂಡಲೆ ಬರೀ ನೀರಿನಲ್ಲಿ ಮಾತ್ರೆ. ಅದಾಗಿ ಒಂದು ಗಂಟೆ ಆದ ಮೇಲೆ ಅವರ ಕೊತ್ತಂಬರಿ ನೀರು. ಕಾಫಿಯೂ ಆಮೇಲೆಯೇ.

ಅದಕ್ಕಿಂತ ಅವರಿಗೆ ಮಲೆನಾಡಿನ ಕಷಾಯ ಮಾಡಿಕೊಡಿ. ಕೊತ್ತಂಬರಿ ಬೀಜ ಒಂದು ಕಪ್, ಜೀರಿಗೆ ಅರ್ಧ ಕಪ್, ಮೆಣಸಿನಕಾಳು ಎರಡು ಚಮಚ, ಮೆಂತ್ಯ ಒಂದೇ ಚಮಚ. ಬೇರೆಬೇರೆ ಹುರಿದು ಪುಡಿ ಮಾಡಿ. ಲೋಟ ನೀರಿಗೆ ಒಂದು ಚಮಚ ಪುಡಿ, ಚೂರು ಬೆಲ್ಲ ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಹಾಲು ಬೆರೆಸಿ. ಮೊದಲೇ ಹಾಲು ಹಾಕಿದರೆ ಬೆಲ್ಲಕ್ಕೆ ಒಡೆದೀತು. ಸಂಜೆ ನಾಲ್ಕು ಗಂಟೆಗೆ ಕುಡಿಯಲಿ, ಬೆಳಗಿನ ಮಾತ್ರೆಯ ತಂಟೆಗೆ ಬರಲ್ಲ.