ಗಾರ್ಲಿಟ್ಸ್ ಎಂಜಿನ್ನನ್ನು ಬೆನ್ನ ಹಿಂದಕ್ಕೆ ಸರಿಸಿದ್ದೇಕೆ?

ಪ್ರಶ್ನೆ (ಗೋಣಿಕೊಪ್ಪ): ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆಗಳನ್ನು ನೋಡುತ್ತ ಬೆಳೆದ ನನಗೆ, ನೇರ ದಾರಿಯಲ್ಲಿ ಕಾಲು ಮೈಲಿ ಮಾತ್ರ ಓಡುವ ಡ್ರ್ಯಾಗ್ ರೇಸ್ ವಿಚಿತ್ರವೆನಿಸುತ್ತದೆ. ಅದರ ಮೊದಲ ತಲೆಮಾರಿನ ಅಮೆರಿಕನ್ ಓಟಗಾರ ಡಾನ್ ಗಾರ್ಲಿಟ್ಸ್ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸರಿಸಿದ್ದೇಕೆಂದು ಬಲ್ಲವರು ತಿಳಿಸುವಿರಾ?

ಉತ್ತರ (ವಿರಾಜಪೇಟೆ): 1932ರಲ್ಲಿ ಫ್ಲೋರಿಡಾದಲ್ಲಿ ಹುಟ್ಟಿದ ಗಾರ್ಲಿಟ್ಸ್, ತಾವೇ ಕಟ್ಟಿದ ಕಾರುಗಳಿಗೆ ‘ಸ್ವಾಂಪ್ ರ್‍ಯಾಟ್’ ಎಂದು ಹೆಸರಿಟ್ಟವರು. ಆಗಿನ ಕಾರುಗಳಲ್ಲಿ ಎಂಜಿನ್ ಚಾಲಕನ ಮುಂದೆಯೇ ಇರುತ್ತಿದ್ದುದರಿಂದ ಕ್ಲಚ್ಚು, ಗೇರುಗಳೆಲ್ಲ ಅವನ ಕಾಲುಗಳ ಬಳಿಯೇ ತಿರುಗುತ್ತಿದ್ದವು. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಪಥದಲ್ಲಿ ಟ್ರಾನ್ಸ್‌ಮಿಷನ್ ಸಿಡಿದು, ಕಾರು ಎರಡು ತುಂಡಾಗಿ, ಅವರ ಬಲಪಾದದ ಒಂದು ಭಾಗವೇ ಹೋಯಿತು. ಚೇತರಿಸಿಕೊಳ್ಳುತ್ತಲೇ ಎಂಜಿನ್ ಚಾಲಕನ ಹಿಂದಿರುವ ಹೊಸ ವಿನ್ಯಾಸ ಯೋಚಿಸಿದ ಅವರು, ಅಂಥ ಕಾರಿನಲ್ಲೇ 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಡ್ರ್ಯಾಗ್ ಸ್ಪರ್ಧೆ ಗೆದ್ದರು.

ಉತ್ತರ (ಸೋಮವಾರಪೇಟೆ): ಎಂಜಿನ್ನನ್ನು ಹಿಂದೆ ಇಡಲು ಅವರಿಗಿಂತ ಮೊದಲೂ ಕೆಲವರು ಯತ್ನಿಸಿದ್ದರು, ಆದರೆ ಅಂಥ ಕಾರುಗಳು ನೇರವಾಗಿ ಓಡುತ್ತಿರಲಿಲ್ಲ. ಸ್ಟೀರಿಂಗ್ ಅತಿ ಚುರುಕಾಗಿದ್ದುದೇ ತೊಂದರೆಯೆಂದು ಕಂಡು, ಅದನ್ನು ನಿಧಾನಗೊಳಿಸಿದ್ದೇ ಗಾರ್ಲಿಟ್ಸ್ ತಂಡದ ಗೆಲುವಿನ ಗುಟ್ಟು. ನನ್ನ ಹಳೆಯ ಜೀಪಿನ ಕ್ಲಚ್ ಪ್ಲೇಟು ತೋಟದ ಏರಿನಲ್ಲಿ ಒಡೆದಾಗ ಕಾಲಡಿ ಕೇಳಿದ ಸದ್ದಿಗೇ ನಾನು ಬೆವೆತಿದ್ದೆ. ಅವರಾದರೋ ಮತ್ತೆ ಓಟಕ್ಕಿಳಿದರು!

ಪ್ರಶ್ನೆ ಕೇಳಿದವರು: ಧನ್ಯವಾದಗಳು ಅಣ್ಣ, ಸ್ಟೀರಿಂಗಿನ ವಿಷಯ ನನಗೆ ಹೊಳೆದೇ ಇರಲಿಲ್ಲ.